ಬಿಡಿಸುವ ಗಂಟು

ಲಾವೋಸ್ ದೇಶದ ತಾಖೆಕ್ ಊರಿನ ಶಾಲೆಯ ಸಭಾಂಗಣದಲ್ಲಿ ಬಾಳೆಲೆಯ ಗೋಪುರ ಸಿದ್ಧವಾಗಿತ್ತು. ಮೈತುಂಬ ಚೆಂಡುಹೂ ಸಿಕ್ಕಿಸಿ, ಸುತ್ತ ಬಿಳಿ ನೂಲಿನ ಎಳೆಗಳನ್ನು ಇಳಿಬಿಟ್ಟು, ಬುಡದಲ್ಲಿ ಬೇಯಿಸಿದ ಮೊಟ್ಟೆ, ಅಂಟಕ್ಕಿ ಅನ್ನ, ಬಾಳೆಹಣ್ಣು ಇಟ್ಟಿದ್ದರು. ನಾಳೆ ನಾಲ್ಕು ಮಕ್ಕಳು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೊರಡುವವರಿದ್ದರು. ಅವರ ಕೈಗೆ ದಾರ ಕಟ್ಟುವ ಶಾಸ್ತ್ರ ಇವತ್ತು.

ಮಲಿವನ್ ಟೀಚರ್ ಹಿಂದಿನ ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಚಾಪೆಯ ಮೇಲೆ ಬನ್ನಿ ಎಂದು ಯಾರು ಯಾರೋ ಬಂದು ಕರೆದರು. ಮಂಡಿನೋವು ಎಂದು ಅವರು ತಲೆಯಾಡಿಸಿದರು. ಮಂಡಿನೋವು ಸುಳ್ಳಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕೂತು ನೋಡುವುದು ಅವರಿಗೆ ಹಳೆಯ ಅಭ್ಯಾಸ. ಆ ಅಭ್ಯಾಸದಿಂದಲೇ ಈ ಊರಿನ ಜನ ಅವರಿಗೊಂದು ಅಡ್ಡಹೆಸರನ್ನೂ ಇಟ್ಟಿದ್ದರು, ನೋಡೋ ಟೀಚರ್ ಅಂತ.

ಮೊದಲು ಹಾಗೆ ಕರೆದವರು ಆಗಿನ ಹೆಡ್‌ಮಾಸ್ತರು ಸೋಮ್‌ಸನುಕ್. ಈಗ ಅವರಿಲ್ಲ. ಇದ್ದಿದ್ದರೆ ಇವತ್ತು ಮೊದಲ ಮೊಟ್ಟೆ ಅವರ ಬಾಯಿಗೇ ಹೋಗುತ್ತಿತ್ತು.

ಅದೆಲ್ಲ ಶುರುವಾದದ್ದು ನದಿಯಾಚೆಯ ಟಿವಿಯಿಂದ. ತಾಖೆಕ್‌ನಲ್ಲಿ ಆಗ ಯಾರ ಮನೆಯ ಆಂಟೆನಾ ನೋಡಿದರೂ ಮುಖ ಮೆಕಾಂಗ್ ನದಿಯ ಕಡೆಗೇ ಇರುತ್ತಿತ್ತು. ಸಿನಿಮಾ, ಧಾರಾವಾಹಿ, ಸೋಪಿನ ಜಾಹೀರಾತು, ಎಲ್ಲ ಥಾಯ್‌ಲೆಂಡಿನದೇ. ಒಂದು ಸಂಜೆ ವಾರ್ತೆಯಲ್ಲಿ ಅಲ್ಲಿಯ ಮಕ್ಕಳು ಕೊರಳಿಗೆ ಪದಕ ಹಾಕಿಕೊಂಡು ವಿಮಾನದಿಂದ ಇಳಿಯುವುದನ್ನು ತೋರಿಸಿದರು. ಮರುದಿನ ತರಗತಿಯಲ್ಲಿ ಕೊಪ್ ಎದ್ದು ನಿಂತಳು. ಕೊಪ್ ಅಂದರೆ ಕಪ್ಪೆ. ಹುಟ್ಟಿದಾಗ ಕಣ್ಣು ಅಷ್ಟು ದೊಡ್ಡದಿತ್ತಂತೆ, ಅಜ್ಜಿ ಹಾಗೆ ಕರೆದರು, ಅದೇ ನಿಂತಿತು. ಪೇತ್ಸಮೋನ್ ಎಂಬ ಚಂದದ ಹೆಸರು ಹಾಜರಿ ಪುಸ್ತಕದಲ್ಲಿ ಸುಮ್ಮನೆ ಬಿದ್ದಿತ್ತು.

"ಟೀಚರ್, ಆ ಸ್ಪರ್ಧೇಲಿ ನಮ್ಮ ದೇಶದೋರು ಯಾಕಿಲ್ಲ?"

"ಯಾರೂ ಹೋಗಿಲ್ಲ, ಅದಕ್ಕೆ."

"ಯಾಕೆ ಹೋಗಿಲ್ಲ?"

ಮಲಿವನ್ ಟೀಚರ್ ಕರಿಹಲಗೆಯ ಕಡೆ ತಿರುಗಿದರು. ಪಾಠ ಮುಂದುವರಿಸಿದರು, ಆದರೆ ಆ ದೊಡ್ಡ ಕಣ್ಣು ಗಂಟೆ ಹೊಡೆಯುವವರೆಗೂ ಅವರನ್ನು ಬಿಡಲಿಲ್ಲ. ಮನೆಗೆ ಹೋದ ಮೇಲೂ ಬಿಡಲಿಲ್ಲ. ಕೊನೆಗೆ ಸ್ಪರ್ಧೆ ನಡೆಸುವವರಿಗೇ ಬರೆದು ಕೇಳಿದರು, ನಮ್ಮ ದೇಶ ಸೇರಬೇಕಾದರೆ ಏನು ಮಾಡಬೇಕು ಅಂತ.

ಉತ್ತರ ಬೇಗ ಬಂತು. ದೇಶದ ಶಿಕ್ಷಣ ಇಲಾಖೆ ಒಪ್ಪಬೇಕು. ಮಕ್ಕಳನ್ನು ಆರಿಸಲು ದೇಶದೊಳಗೆ ಒಂದು ಪರೀಕ್ಷೆ ನಡೆಸಬೇಕು. ಅದಕ್ಕೂ ಮೊದಲು, ಸತತ ಎರಡು ವರ್ಷ ಒಬ್ಬರು ಬಂದು ಸ್ಪರ್ಧೆಯನ್ನು ನೋಡಿ ಹೋಗಬೇಕು. ಬರೀ ನೋಡಬೇಕು. ಮಾತಾಡುವ ಹಾಗಿಲ್ಲ, ಕೈ ಎತ್ತುವ ಹಾಗಿಲ್ಲ, ಮಕ್ಕಳನ್ನು ತರುವ ಹಾಗಿಲ್ಲ. ಮೂರನೆಯ ವರ್ಷ ಮಕ್ಕಳನ್ನು ತರಬಹುದು. ಆ ಮಕ್ಕಳು ಬರಹದ ಪರೀಕ್ಷೆ, ಪ್ರಯೋಗದ ಪರೀಕ್ಷೆ ಎರಡಕ್ಕೂ ಕೂತರೆ ಆ ದೇಶ ಸೇರಿದ ಹಾಗೆ. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ.

"ಎರಡು ವರ್ಷ ಬರೀ ನೋಡೋದಾ!" ಸೋಮ್‌ಸನುಕ್ ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಾನು ಮದುವೆಗೆ ಮುಂಚೆ ನನ್ನ ಹೆಂಡತೀನ ಅಷ್ಟು ದಿನ ನೋಡಿದ್ರೆ ಮದುವೇನೇ ಆಗ್ತಿರಲಿಲ್ಲ ಕಣಮ್ಮ!"

"ನೀವು ರುಜು ಹಾಕಿ ಸರ್. ನಗೋದು ಆಮೇಲೆ ನಗಿ."

"ಹಾಕ್ತೀನಿ, ಹಾಕ್ತೀನಿ. ಚೆನ್ನಾಗಿ ನೋಡ್ಕೊಂಡು ಬನ್ನಿ. ಕಣ್ಣು ಸವೆದ್ರೆ ಶಾಲೆ ಖರ್ಚಲ್ಲಿ ಕನ್ನಡಕ ಹಾಕಿಸ್ತೀವಿ."

ಇಲಾಖೆಯ ಒಪ್ಪಿಗೆ ಬಂದಾಗ ವಿಮಾನಕ್ಕೆ ಹೆಚ್ಚು ಹೊತ್ತಿರಲಿಲ್ಲ. ದಾರ ಕಟ್ಟಿಸಿಕೊಳ್ಳದೆಯೇ ಹೊರಟರು. ಎರಡನೆಯ ವರ್ಷ ಹೊತ್ತಿತ್ತು, ಆದರೆ ಯಾರಿಗೂ ನೆನಪಾಗಲಿಲ್ಲ. ಹೆಡ್‌ಮಾಸ್ತರೇ ಅಂದರು, "ಮತ್ತೆ ನೋಡೋಕೆ ತಾನೇ ಹೋಗ್ತಿರೋದು? ಮಕ್ಕಳನ್ನ ಕರ್ಕೊಂಡು ಹೋಗೋ ವರ್ಷ ದೊಡ್ಡದಾಗಿ ಮಾಡೋಣ ಬಿಡಿ." ಮಲಿವನ್ ಟೀಚರ್ ನಕ್ಕು ಹೂಂ ಅಂದಿದ್ದರು. ನಗು ಬಂದಿರಲಿಲ್ಲ. ಪಕ್ಕದೂರಿನ ಆಸ್ಪತ್ರೆಗೆ ಹೊರಟವರಿಗೂ ದಾರ ಕಟ್ಟುವ ಊರು ಅದು. ಮೈಯೊಳಗಿನ ಮೂವತ್ತೆರಡು ಪ್ರಾಣಗಳಲ್ಲಿ ಒಂದಾದರೂ ದಾರಿಯಲ್ಲಿ ಎಲ್ಲೋ ತಪ್ಪಿಸಿಕೊಂಡರೆ ಎಂದು ಎಲ್ಲವನ್ನೂ ಹೆಸರು ಹಿಡಿದು ಕರೆದು ಮಣಿಕಟ್ಟಿಗೆ ಕಟ್ಟಿ ಕಳಿಸುತ್ತಾರೆ. ಅವರು ಮಾತ್ರ ಒಂದು ಸಲ ಕೊರಿಯಾಕ್ಕೆ, ಇನ್ನೊಂದು ಸಲ ಭೂಮಿಯ ಆ ತುದಿಗೆ, ಎರಡು ಸಲವೂ ಬರಿಗೈಯಲ್ಲಿ ಹೋಗಿ ಬಂದರು.

ಆದರೂ ಆ ದಿನಗಳ ರುಚಿ ಇವತ್ತಿಗೂ ಅವರ ನಾಲಿಗೆಯ ಮೇಲಿದೆ. ದೊಡ್ಡ ಸಭೆ, ಮೇಜಿಗೊಂದು ದೇಶದ ಹೆಸರಿನ ಹಲಗೆ. ಮೇಜು ಹಲಗೆ ಎರಡೂ ಇಲ್ಲದ ನೋಡುಗರಿಗೆ ಹಿಂದಿನ ಗೋಡೆಯ ಪಕ್ಕ ಕುರ್ಚಿಗಳ ಸಾಲು. ಮುಂದೆ ಕೂತವರು ಪ್ರಶ್ನೆಪತ್ರಿಕೆಯ ಒಂದೊಂದು ಪದಕ್ಕೂ ಜಗಳವಾಡುತ್ತಿದ್ದರು. ಜಗಳ ಮುಗಿದ ಮೇಲೆ ಪ್ರತಿ ದೇಶದವರೂ ಪ್ರಶ್ನೆಗಳನ್ನು ತಮ್ಮ ಮಕ್ಕಳ ಭಾಷೆಗೆ ತಾವೇ ಅನುವಾದಿಸುತ್ತಿದ್ದರು. ಪ್ರಶ್ನೆ ನೋಡಿದ ದೊಡ್ಡವರು ಪರೀಕ್ಷೆ ಮುಗಿಯುವವರೆಗೆ ಮಕ್ಕಳ ನೆರಳನ್ನೂ ಸೋಕುವಂತಿರಲಿಲ್ಲ. ಒಂದು ದೊಡ್ಡ ಮದುವೆಮನೆಯಲ್ಲಿ ಪರಿಚಯವಿಲ್ಲದ ನೆಂಟರಂತೆ ಅವರು ಕೂತು ಎಲ್ಲವನ್ನೂ ನೋಡಿದರು. ಪ್ರಯೋಗಾಲಯಕ್ಕೆ ಹೋಗಿ ಕೋಟು ಯಾವ ಥರದ್ದು, ಕನ್ನಡಕ ಹೇಗಿರಬೇಕು, ಕೈಗವಸು ಎಷ್ಟು ದಪ್ಪ ಎಂದು ಮುಟ್ಟಿ ಮುಟ್ಟಿ ನೋಡಿದರು. ಥಾಯ್ ತಂಡದ ನಾಯಕ ತವೀ ಒಬ್ಬನೇ ಅವರಿಗೆ ಮಾತಿಗೆ ಸಿಗುತ್ತಿದ್ದವನು. ನದಿಯ ಈ ದಡಕ್ಕೂ ಆ ದಡಕ್ಕೂ ಮಾತು ಹೆಚ್ಚುಕಡಿಮೆ ಒಂದೇ.

"ಅಕ್ಕ, ಪೆಟ್ಟಿಗೇಲಿ ಅಂಟನ್ನ ತಂದಿದ್ದೀರಾ? ವಾಸನೆ ಬರ್ತಿದೆ," ಎಂದು ಮೊದಲ ದಿನವೇ ಹಲ್ಲು ಕಿರಿದಿದ್ದ.

"ತಂದಿದ್ದೀನಿ. ಒಣಮೆಣಸಿನಕಾಯಿ ಚಟ್ನೀನೂ ಇದೆ. ನಿನಗೆ ಕೊಡಲ್ಲ, ನಿನಗೆ ಪದಕ ಇದೆಯಲ್ಲ, ಅದನ್ನೇ ತಿನ್ನು."

ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಹಂಚಿಕೊಂಡೇ ತಿಂದರು.

ಮೂರನೆಯ ವರ್ಷ ಬಂತು. ದೇಶಕ್ಕೆಲ್ಲ ಪರೀಕ್ಷೆ ನಡೆಸಿ ನಾಲ್ವರನ್ನು ಆರಿಸಿದರು. ಪಾಸ್‌ಪೋರ್ಟ್ ಸಮಯಕ್ಕೆ ಸರಿಯಾಗಿ ಕೈಗೆ ಬಂದದ್ದು ಒಬ್ಬಳದೇ, ಕೊಪ್‌ಳದು. ಹೋಗಲಿ, ಒಬ್ಬಳಾದರೂ ಸಾಕು, ಹಲಗೆಯ ಮೇಲೆ ಹೆಸರು ಬಂದರೆ ಸಾಕು ಎಂದು ಮಲಿವನ್ ಟೀಚರ್ ಗಟ್ಟಿ ಮನಸ್ಸು ಮಾಡಿದರು. ಹೊರಡುವ ಹಿಂದಿನ ದಿನ ಇದೇ ಸಭಾಂಗಣದಲ್ಲಿ ದಾರ ಕಟ್ಟುವ ಶಾಸ್ತ್ರ ಆಯಿತು. ಊರಿಗೆ ಊರೇ ಬಂದಿತ್ತು. ಕೊಪ್‌ಳ ಎರಡೂ ಕೈ ಮಣಿಕಟ್ಟಿನಿಂದ ಅರ್ಧದವರೆಗೆ ಬೆಳ್ಳಗಾದವು. ಕೊನೆಗೆ ಅವಳ ಅಜ್ಜಿ ತೊಂಗ್ ಕಟ್ಟಿದರು. ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿಗೆ ಹಗ್ಗ ಬಿಗಿದು ಬಿಗಿದು ಪಳಗಿದ ಕೈ ಅದು. ಗಂಟಿನ ಮೇಲೆ ಗಂಟು ಹಾಕಿ ಹಲ್ಲಿನಿಂದ ಜಗ್ಗಿ ನೋಡಿದರು.

"ಇದನ್ನ ಯಾರೂ ಮುಟ್ಟಕೂಡದು, ತಿಳೀತಾ? ಕತ್ತರಿ ಅಂತೂ ಸೋಕಿಸಲೇಬಾರದು. ಕತ್ತರಿಸಿದ್ರೆ ಪ್ರಾಣ ಅಲ್ಲೇ ಉಳ್ಕೊಳ್ಳುತ್ತೆ. ನೀನು ಮನೆಗೆ ಬಾ, ನಾನೇ ಬಿಡಿಸ್ತೀನಿ."

"ಹೂಂ ಅಜ್ಜಿ."

"ಟೀಚರಮ್ಮ, ನೀವೇ ಸಾಕ್ಷಿ."

"ಆಯ್ತಮ್ಮ," ಅಂದಿದ್ದರು ಮಲಿವನ್ ಟೀಚರ್. ಹೊರಡುವ ಗಡಿಬಿಡಿಯಲ್ಲಿ, ಸಾಮಾನಿನ ಗಡಿಬಿಡಿಯಲ್ಲಿ ಅವರ ಮಣಿಕಟ್ಟು ಆ ಸಲವೂ ಖಾಲಿಯೇ ಉಳಿಯಿತು. ಕಟ್ಟಲು ಬಂದವರಿಗೆ ಅವರೇ ಕೈ ಕೊಡಲಿಲ್ಲ, "ಮೊದಲು ಹುಡುಗಿಗೆ, ಹುಡುಗಿಗೆ" ಎಂದು ಓಡಾಡುತ್ತಲೇ ಇದ್ದರು.

ಸ್ಪರ್ಧೆ ನಡೆದದ್ದು ಉತ್ತರದ ಒಂದು ತಣ್ಣನೆಯ ಊರಿನಲ್ಲಿ. ಸಭೆಗೆ ಕಾಲಿಟ್ಟಾಗ ಮೂರನೆಯ ಸಾಲಿನ ಮೇಜಿನ ಮೇಲೆ ಲಾವೋಸ್ ಎಂಬ ಹಲಗೆ ಕಂಡಿತು. ಅವರು ಅದರ ಮುಂದೆ ಕೂರಲಿಲ್ಲ, ಸ್ವಲ್ಪ ಹೊತ್ತು ನಿಂತೇ ನೋಡಿದರು. ತವೀ ಬಂದು ಕುರ್ಚಿ ಎಳೆದು, "ಕೂತ್ಕೊಳ್ಳಿ ಅಕ್ಕ, ನೋಡೋದು ಮುಗೀತು," ಅಂದ. ಕಣ್ಣು ಒರೆಸಿಕೊಂಡು ಕೂತರು.

ಪ್ರಯೋಗದ ಪರೀಕ್ಷೆ ಮೊದಲು. ಬೇರೆ ದೇಶದವರು ನಾಲ್ಕು ನಾಲ್ಕು ಜನ ಸೇರಿ ಅನುವಾದ ಮಾಡುತ್ತಿದ್ದರೆ ಇವರು ಒಬ್ಬರೇ. ಲಾವೋ ಭಾಷೆಯಲ್ಲಿ ಇಲ್ಲದ ಪದಗಳಿಗೆ ಪದ ಹುಟ್ಟಿಸಿಕೊಂಡು, ಪುಟ ಪುಟಕ್ಕೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದರು. ಸುರಕ್ಷತೆಯ ನಿಯಮಗಳಲ್ಲಿ ಒಂದು ಸಾಲು, ಮಣಿಕಟ್ಟಿನಲ್ಲಿ ಧರಿಸಿದ್ದನ್ನೆಲ್ಲ ತೆಗೆದಿಡಬೇಕು ಅಂತ. ಅವರು ಬರೆದರು, ಬಳೆ ಮತ್ತು ಗಡಿಯಾರ ತೆಗೆದಿಡಬೇಕು. ಮಣಿಕಟ್ಟಿನಲ್ಲಿ ಧರಿಸುವುದು ಇನ್ನೇನಿದೆ? ದಾರ ಅವರಿಗೆ ಹೊಳೆಯಲೇ ಇಲ್ಲ. ದಾರವನ್ನು ಯಾರೂ ಧರಿಸುವುದಿಲ್ಲ. ಅದು ಚರ್ಮದ ಹಾಗೆ, ಮೈಯದೇ ಒಂದು ಭಾಗ.

ಪರೀಕ್ಷೆಯ ಬೆಳಿಗ್ಗೆ ದೊಡ್ಡವರನ್ನೆಲ್ಲ ಬಸ್ಸಿಗೆ ತುಂಬಿ ಒಂದು ಹಳೆಯ ಕೋಟೆ ತೋರಿಸಲು ಕರೆದೊಯ್ದರು. ಕೋಟೆಯ ಅಂಗಳದಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಪರೀಕ್ಷಾ ಮಂಡಳಿಯ ಅಧ್ಯಕ್ಷೆ, ಬಿಳಿಗೂದಲಿನ ಎತ್ತರದ ಹೆಂಗಸು, ಫೋನು ಹಿಡಿದುಕೊಂಡೇ ಅವರನ್ನು ಹುಡುಕಿ ಬಂದರು.

"ನಿಮ್ಮ ಹುಡುಗಿ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದಾಳೆ. ಕೈಯಲ್ಲಿ ನೂಲು ಇದೆಯಂತೆ. ಬೆಂಕಿ, ಆಮ್ಲ ಇರೋ ಕಡೆ ಬಿಡೋಕಾಗಲ್ಲ. ಕತ್ತರಿಸ್ತೀವಿ ಅಂದ್ರೆ ಕೈ ಹಿಂದಕ್ಕೆ ಕಟ್ಕೊಂಡು ನಿಂತಿದ್ದಾಳೆ. ಅವಳ ಹತ್ತಿರ ಇರೋ ಪತ್ರಿಕೆಯಲ್ಲಿ ಬಳೆ, ಗಡಿಯಾರ ಅಂತಷ್ಟೇ ಇದೆ ಅಂತ ತೋರಿಸ್ತಿದ್ದಾಳಂತೆ. ನಿಜವಾ?"

ಮಲಿವನ್ ಟೀಚರ್ ಫೋನಿಗೆ ಕೈ ಚಾಚಿದರು. "ನಿಜ. ತಪ್ಪು ನಂದು. ಅವಳ ಹತ್ತಿರ ಫೋನಲ್ಲಿ ಒಂದು ಮಾತಾಡ್ತೀನಿ."

"ಆಗಲ್ಲ. ನೀವು ಪ್ರಶ್ನೆ ನೋಡಿದ್ದೀರಿ." ಹೆಂಗಸಿನ ಮುಖದಲ್ಲಿ ಕನಿಕರವಿತ್ತು, ಆದರೆ ನಿಯಮ ನಿಯಮವೇ. "ಅನುವಾದದ ತಿದ್ದುಪಡಿ ಅಂತ ಒಂದೇ ಒಂದು ಸಾಲು ಕಳಿಸಬಹುದು. ಅದರಲ್ಲಿ ಬೇರೇನೂ ಇಲ್ಲ ಅಂತ ನಿಮ್ಮ ಭಾಷೆ ಬಲ್ಲ ಇನ್ನೊಬ್ಬರು ರುಜು ಹಾಕಬೇಕು. ಗಡಿಯಾರ ಓಡ್ತಾ ಇದೆ, ಅದನ್ನ ನಿಲ್ಲಿಸೋಕೆ ನನ್ನಿಂದ ಆಗಲ್ಲ."

ಭಾಷೆ ಬಲ್ಲವನು ಅಲ್ಲಿ ತವೀ ಒಬ್ಬನೇ. ಮೂವರೂ ಟಿಕೆಟ್ ಕೋಣೆಗೆ ಓಡಿದರು. ಅಲ್ಲೊಂದು ಫ್ಯಾಕ್ಸ್ ಯಂತ್ರವಿತ್ತು. ಮಲಿವನ್ ಟೀಚರ್ ಪೆನ್ನು ಹಿಡಿದು ಕೂತರು. ಅವಳು ಒಳಗೆ ಹೋಗದಿದ್ದರೆ ಆ ಹಲಗೆ ಹೋಯಿತು. ಮತ್ತೆ ಹಿಂದಿನ ಗೋಡೆ, ಮತ್ತೆ ಎರಡು ವರ್ಷ, ಅಷ್ಟರಲ್ಲಿ ಇಲಾಖೆಯವರಿಗೆ ಬೇಸರ ಬಂದಿರುತ್ತದೆ. ಕೊಪ್‌ಳಿಗೆ ವಯಸ್ಸು ಮೀರಿರುತ್ತದೆ.

"ಕತ್ತರಿಸು ಅಂತ ಬರೀರಿ ಅಕ್ಕ," ತವೀ ಕಿವಿಯಲ್ಲಿ ಉಸುರಿದ. "ಎರಡು ನಿಮಿಷದ ಕೆಲಸ. ಹುಡುಗಿ ಬುದ್ಧಿವಂತೆ, ಪದಕ ಬಂದ್ರೂ ಬರಬಹುದು."

"ಅವಳ ಅಜ್ಜಿ ನನ್ನನ್ನ ಸಾಕ್ಷಿ ಮಾಡಿ ಕಳಿಸಿದ್ದಾರೆ ಕಣೋ."

"ಅಜ್ಜಿ ಇಲ್ಲಿಲ್ವಲ್ಲ."

"ಕತ್ತರಿಸು ಅಂದ್ರೆ ಅವಳು ಒಳಗೆ ಹೋಗಲ್ಲ. ಹೋದ್ರೂ ಅವಳ ಕೈ ನಡುಗುತ್ತೆ. ನಿನ್ನ ಕೈಗೂ ನಿನ್ನಮ್ಮ ಕಟ್ತಾರಲ್ಲ, ನೀನು ಕತ್ತರಿಸ್ತೀಯಾ?"

ತವೀ ಕಾಗದವನ್ನು ಅವರ ಮುಂದೆ ಸರಿಸಿದ.

ಅವರು ಒಂದು ಸಾಲು ಬರೆದರು. ಮಣಿಕಟ್ಟಿನ ದಾರಗಳನ್ನು ಬಿಡಿಸಿ ಒಳಗೆ ಬರತಕ್ಕದ್ದು. ಅವರ ಭಾಷೆಯಲ್ಲಿ ಲೆಕ್ಕಕ್ಕೂ ಗಂಟಿಗೂ ಒಂದೇ ಮಾತು, ಬಿಡಿಸು. ತರಗತಿಯಲ್ಲಿ ಕರಿಹಲಗೆಯ ಮುಂದೆ ನಿಲ್ಲಿಸಿ ಮೂರು ವರ್ಷ ಅವರು ಕೊಪ್‌ಳಿಗೆ ಹೇಳುತ್ತಾ ಬಂದ ಮಾತೂ ಅದೇ. ಹೆದರಬೇಡ, ಎಳೆ ಹುಡುಕು, ಬಿಡಿಸು. ತವೀ ಓದಿ, ಒಂದು ಸಲ ಅವರ ಮುಖ ನೋಡಿ ರುಜು ಹಾಕಿದ. ಅಜ್ಜಿ ತೊಂಗ್‌ರ ಗಂಟು ಎಂಥದ್ದು ಎಂದು ಮಲಿವನ್ ಟೀಚರ್‌ಗೆ ಗೊತ್ತಿತ್ತು. ಪದಕದ ಆಸೆಯನ್ನು ಅವರು ಆ ಟಿಕೆಟ್ ಕೋಣೆಯಲ್ಲೇ ಬಿಟ್ಟರು. ಆಸೆ ಬಿಡುವುದು ಸುಲಭವಾಗಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ.

ಉತ್ತರ ಬರುವವರೆಗೆ ಕೋಟೆಯ ಮೆಟ್ಟಿಲ ಮೇಲೆ ಕೂತಿದ್ದರು. ಯಾರೋ ಕಾಫಿ ತಂದುಕೊಟ್ಟರು, ಅದು ಕೈಯಲ್ಲೇ ತಣ್ಣಗಾಯಿತು. ಕೊನೆಗೆ ಅಧ್ಯಕ್ಷೆ ಬಂದು ಪಕ್ಕದಲ್ಲಿ ಕೂತು, "ಒಳಗೆ ಹೋದಳಂತೆ," ಅಂದರು. "ನೆಲದ ಮೇಲೆ ಕೂತು ಒಂದೊಂದನ್ನೇ ಬಿಚ್ಚಿದಳಂತೆ. ಯಾರಿಗೂ ಸಹಾಯ ಮಾಡೋಕೆ ಬಿಡಲಿಲ್ಲವಂತೆ. ಆದರೆ ತುಂಬಾ ಹೊತ್ತು ಹೋಯ್ತು." ಜೀವ ಬಂದ ಹಾಗಾಯಿತು ಮಲಿವನ್ ಟೀಚರ್‌ಗೆ. ಆಮೇಲೆ ಸಮಾಧಾನಕ್ಕೋ ಸಂಕಟಕ್ಕೋ, ಆ ಅಪರಿಚಿತ ಹೆಂಗಸಿನ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟರು.

ಎರಡೂ ಪರೀಕ್ಷೆ ಮುಗಿದು ಭೇಟಿಗೆ ಬಿಟ್ಟಾಗ ಕೊಪ್ ಓಡಿ ಬಂದಳು.

"ಟೀಚರ್, ಪ್ರಯೋಗ ಅರ್ಧಾನೂ ಆಗಲಿಲ್ಲ! ಹಳದಿ ಬಣ್ಣ ಈಗ ಬರುತ್ತೆ ಅನ್ನೋವಾಗ ಗಂಟೆ ಹೊಡೆದುಬಿಟ್ರು."

"ಹೋಗ್ಲಿ ಬಿಡು."

"ಹೋಗ್ಲಿ ಅಂದ್ರೆ! ಅಜ್ಜಿ ಹಾಕಿದ ಗಂಟು ಹಲ್ಲಿಗೂ ಬರಲಿಲ್ಲ. ಉಗುರು ಕಿತ್ತುಬಂತು ನೋಡಿ. ಅಜ್ಜಿಗೆ ಸ್ವಲ್ಪ ಸಡಿಲ ಕಟ್ಟೋಕೆ ಏನಾಗಿತ್ತು?" ಎಂದು ಮುಖ ಊದಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಕೋಟಿನ ಜೇಬಿನಿಂದ ದಾರಗಳ ಉಂಡೆ ತೆಗೆದು ತೋರಿಸಿದಳು. "ಒಂದೂ ತುಂಡಾಗಿಲ್ಲ ಟೀಚರ್."

ಅವಳಿಗೆ ಪದಕ ಬರಲಿಲ್ಲ. ಲಾವೋಸ್ ಸೇರಿತು.

ಊರಿನಲ್ಲಿ ಬಸ್ಸಿಳಿದಾಗ ಸೋಮ್‌ಸನುಕ್ ಮಾಸ್ತರು ಡೋಲು ಬಾರಿಸುವವರನ್ನು ಕರೆತಂದಿದ್ದರು. ಕೊಪ್‌ಳ ಕೊರಳು ನೋಡಿ ಡೋಲು ಒಂದು ಗಳಿಗೆ ನಿಂತಿತು. "ಏನೂ ತರಲಿಲ್ವಾ?" ಎಂದು ಜನರ ನಡುವೆ ಯಾರೋ ಕೇಳಿದರು. ಅಜ್ಜಿ ತೊಂಗ್ ಮಾತ್ರ ಮೊಮ್ಮಗಳ ಬರಿಗೈ ನೋಡಿ ಎದೆ ಮುಟ್ಟಿಕೊಂಡರು. ಕೊಪ್ ಉಂಡೆಯನ್ನು ಅವರ ಅಂಗೈಗಿಟ್ಟಳು. ಅಜ್ಜಿ ಎಳೆ ಎಳೆಯಾಗಿ ಬೆಳಕಿಗೆ ಹಿಡಿದು ಪರೀಕ್ಷಿಸಿದರು.

"ಕತ್ತರಿ ಸೋಕಿಸಿಲ್ಲ ತಾನೇ?"

"ಇಲ್ಲ ಅಜ್ಜಿ. ಬಿಡಿಸಿದೆ."

"ಸುಲಭವಾಗಿ ಬಂತಾ?"

"ಎಲ್ಲಿ ಬರುತ್ತೆ! ಪದಕಾನೇ ಹೋಯ್ತು ಅದರಿಂದ."

"ಮತ್ತೆ ನಾನು ಕಟ್ಟಿದ್ದು!" ಅಜ್ಜಿಯ ಮುಖ ಅರಳಿತು. ಮುದುಕಿಗೆ ಪದಕದ ಗೊಡವೆಯೇ ಇರಲಿಲ್ಲ. ಹೆಡ್‌ಮಾಸ್ತರು ಡೋಲಿನವನಿಗೆ ಕೈ ಬೀಸಿದರು. "ಬಾರಿಸೋ! ನಮ್ಮ ನೋಡೋ ಟೀಚರ್ ಕೊನೆಗೂ ಏನೋ ಮಾಡ್ಕೊಂಡು ಬಂದಿದ್ದಾರೆ!"

ಎಷ್ಟು ಹಳೆಯ ಮಾತು! ಅಜ್ಜಿ ತೊಂಗ್ ಹೋದರು, ಮಾಸ್ತರೂ ಹೋದರು. ನದಿಗೆ ಸೇತುವೆ ಬಂತು. ಆಂಟೆನಾಗಳು ಮಾಯವಾದವು. ಪದಕಗಳೂ ಬರತೊಡಗಿವೆ, ಆಗೊಂದು ಈಗೊಂದು. ಗೋಡೆಗೆ ಒರಗಿ ಮಲಿವನ್ ಟೀಚರ್ ಈಗ ನೋಡುತ್ತಿದ್ದುದು ಚಾಪೆಯ ಮೇಲೆ ಕೂತ ನಾಲ್ಕು ಮಕ್ಕಳನ್ನು. ಅವರ ಪಕ್ಕದಲ್ಲಿ ತಂಡದ ನಾಯಕಿ, ಅದೇ ದೊಡ್ಡ ಕಣ್ಣಿನ ಕೊಪ್. ಈಗ ಅವಳೂ ಟೀಚರ್. ಮಕ್ಕಳು ಅವಳನ್ನು ಕಪ್ಪೆ ಟೀಚರ್ ಎನ್ನುವುದು ಅವಳಿಗೆ ಗೊತ್ತಿದೆ, ಗೊತ್ತಿಲ್ಲದ ಹಾಗೆ ಇರುತ್ತಾಳೆ.

"ಅಮ್ಮಂದಿರೇ, ಅಜ್ಜಿಯರೇ, ಕೇಳಿಸ್ಕೊಳ್ಳಿ," ಕೊಪ್ ಕೂಗಿ ಹೇಳುತ್ತಿದ್ದಳು, "ಮಕ್ಕಳಿಗೆ ನಮ್ಮ ಗಂಟೇ ಹಾಕಬೇಕು. ಒಂದೇ ಎಳೆತಕ್ಕೆ ಬಿಡಿಸ್ಕೊಳ್ಳೋ ಹಾಗಿರಬೇಕು. ನನ್ನ ಅಜ್ಜಿ ಥರ ಯಾರೂ ಜಾಣತನ ತೋರಿಸ್ಬೇಡಿ!"

ಸಭೆಯೆಲ್ಲ ನಕ್ಕಿತು. ಕುಣಿಕೆ ಬಿಟ್ಟು ಹಾಕುವ ಆ ಗಂಟು ಈಗ ತಾಖೆಕ್‌ನ ಹೆಂಗಸರಿಗೆಲ್ಲ ಬರುತ್ತದೆ. ಪರೀಕ್ಷೆಗೆ ಹೋಗುವ ಮಕ್ಕಳಿಗೆಲ್ಲ ಅದನ್ನೇ ಹಾಕುತ್ತಾರೆ. ಊರಿನ ಹಿರಿಯನೊಬ್ಬ ಮಂತ್ರ ಹೇಳಿ ಪ್ರಾಣಗಳನ್ನು ಕರೆದ. ಹೆಂಗಸರು ಒಬ್ಬೊಬ್ಬರಾಗಿ ಕಟ್ಟಿದರು. ಮಕ್ಕಳ ಕೈ ಬೆಳ್ಳಗಾದವು. ಮಲಿವನ್ ಟೀಚರ್ ಚೆನ್ನಾಗಿ ನೋಡಿದರು. ಇನ್ನು ಎದ್ದು ಮನೆಗೆ ಹೋಗೋಣ ಎಂದು ಕೋಲಿಗೆ ಕೈ ಹಾಕಿದಾಗ ಕೊಪ್ ಮೊಣಕಾಲೂರಿ ಎದುರಿಗೆ ಬಂದು ಕೂತಳು. ಕೈಯಲ್ಲಿ ಉಳಿದ ಎಳೆಯೊಂದಿತ್ತು.

"ಕೈ ಕೊಡಿ ಟೀಚರ್."

"ನನಗ್ಯಾಕೆ ಮಾರಾಯ್ತಿ? ನಾನೆಲ್ಲಿಗೂ ಹೊರಟಿಲ್ಲ."

"ನೀವು ಹೊರಟಾಗ ಯಾರೂ ಕಟ್ಟಲಿಲ್ಲ. ಎರಡು ವರ್ಷ ಒಬ್ಬರೇ ಹೋಗಿ ಬಂದ್ರಿ. ನಾನು ಹೋದ ವರ್ಷ ನಿಮ್ಮ ಕೈ ನೋಡಿದ್ದೆ, ಬೋಳು ಇತ್ತು. ಆಗ ಹೇಳೋಕೆ ಧೈರ್ಯ ಬರಲಿಲ್ಲ."

ಮಲಿವನ್ ಟೀಚರ್ ಕೋಲನ್ನು ಗೋಡೆಗೆ ಒರಗಿಸಿದರು. ಯಾರೂ ನೋಡಿಲ್ಲ ಎಂದುಕೊಂಡಿದ್ದರು ಇಷ್ಟು ವರ್ಷ. ಸುಮ್ಮನೆ ಕೈ ಚಾಚಿದರು. ಪಕ್ಕದಿಂದ ಯಾರೋ ಅವರ ಮೊಣಕೈ ಹಿಡಿದರು, ಹಿಡಿದವರ ಭುಜವನ್ನು ಇನ್ನೊಬ್ಬರು ಮುಟ್ಟಿದರು. ಸಭಾಂಗಣದ ಜನವೆಲ್ಲ ಆ ಹಿಂದಿನ ಗೋಡೆಯವರೆಗೆ ಒಬ್ಬರಿಗೊಬ್ಬರು ತಾಗಿ ನಿಂತರು. ಕೊಪ್ ಎಲ್ಲೆಲ್ಲಿಗೋ ಹೋದ ಪ್ರಾಣಗಳನ್ನು ಹೆಸರು ಹಿಡಿದು ಕರೆದಳು. ಕೊರಿಯಾದಿಂದ ಬಾ, ಉತ್ತರದ ಊರಿಂದ ಬಾ, ಕೋಟೆಯ ಮೆಟ್ಟಿಲಿಂದ ಎದ್ದು ಬಾ ಅಂದಳು. ಎಳೆ ಸುತ್ತಿ ಗಂಟು ಹಾಕಿದಳು, ಅದರ ಮೇಲೆ ಇನ್ನೊಂದು ಹಾಕಿದಳು, ಬಾಗಿ ಹಲ್ಲಿನಿಂದ ಬಿಗಿಯಾಗಿ ಜಗ್ಗಿದಳು.

"ಇದು ಅಜ್ಜಿಯ ಗಂಟು ಟೀಚರ್," ಅಂದಳು. "ಬಿಡಿಸೋಕೆ ಬರಲ್ಲ."